ಮಾವನ ಎಡೆಗೆ ಅಂಬಲಿ

ಮಂಚೇನಹಳ್ಳಿ
5-10-2024

ಅಮೃತಮ್ಮನಿಗೆ ಅತ್ತೆಯ ಆಶೀರ್ವಾದ.

ನಿನ್ನ ಕಾಗದ ಬಂದು ತಿಂಗಳಾಯಿತು, ಬೈದುಕೋಬೇಡ ಕಣಮ್ಮ. ಫೋನಿನಲ್ಲಿ ಹೇಳೋಣವೆಂದರೆ ಮಾತಿಗಿಂತ ಅಳು ಮೊದಲು ಬರುತ್ತದೆ. ಚಿಂತಾಮಣಿಯಲ್ಲಿ ನಿನ್ನ ತವರಿನವರು, ನನ್ನ ಮೊಮ್ಮಗ ಜಗನ್ ಎಲ್ಲ ಚೆನ್ನಾಗಿದ್ದೀರೆಂದು ನಂಬಿದ್ದೇನೆ.

ಗಂಗರಾಜು ಕುಡಿತ ಬಿಟ್ಟು ಎಂಟು ತಿಂಗಳಾಯಿತು. ಆಸ್ಪತ್ರೆಯ ಮಾತ್ರೆ ಅರ್ಧ, ನಮ್ಮ ಹಟ್ಟಿಯವರು ಅರ್ಧ. ಸಂಜೆ ಆರಾದರೆ ಸಾಕು, ನಮ್ಮ ಕುಲದ ಹಿರಿಯರು ಗಂಗುಲಪ್ಪ ಬಂದು ಭಜನೆಗೆ ಎಳೆದುಕೊಂಡು ಹೋಗುತ್ತಾರೆ. ನಿನ್ನ ಗಂಡನ ಗಂಟಲು ಕೇಳಿದರೆ ಕತ್ತೆಯೂ ಊರು ಬಿಡಬೇಕು. ಆದರೂ ಯಾರೂ ನಿಲ್ಲಿಸು ಅನ್ನುವುದಿಲ್ಲ.

ನನಗೆ ಭಯವಿದ್ದದ್ದು ಮೊನ್ನೆಯ ಹಿರಿಯರ ಹಬ್ಬದ್ದು. ನಿನಗೇ ಗೊತ್ತಲ್ಲ, ಸತ್ತವರ ಎಡೆಗೆ ಅವರಿಗೆ ಇಷ್ಟವಾದದ್ದೆಲ್ಲ ಇಡಬೇಕು. ನಿನ್ನ ಮಾವನಿಗೆ ಬ್ರಾಂದಿ. ಆಮೇಲೆ ಮಗನೇ ಅದನ್ನು ಪ್ರಸಾದವೆಂದು ಮೊದಲು ಕುಡಿಯಬೇಕು. "ಕುಡುದ್ರೆ ನಾನ್ ಹೋದೆ, ಕುಡೀದಿದ್ರೆ ಅಪ್ಪನ್ನ ಉಪವಾಸ ಕಳಿಸ್ದಂಗೆ. ಏನ್ ಮಾಡ್ಲಮ್ಮಾ?" ಅಂತ ವಾರದಿಂದ ನಿದ್ದೆ ಬಿಟ್ಟಿದ್ದ.

ಗಂಗುಲಪ್ಪ ಮನೆಮನೆಗೂ ಹೋಗಿ, ಈ ವರ್ಷ ಹಟ್ಟಿಯ ಯಾವ ಎಡೆಗೂ ಬ್ರಾಂದಿ ಬೇಡ ಅಂದರು. ಅವತ್ತು ಗಾಂಧಿ ಜಯಂತಿ, ಅಂಗಡಿ ಮುಚ್ಚಿರುತ್ತದೆ ಅಂತ ಹಿಂದಿನ ದಿನವೇ ಬಾಟಲಿ ತಂದಿಟ್ಟಿದ್ದ ಪಕ್ಕದ ಮನೆ ಚಿಕ್ಕವೆಂಕಟಮ್ಮ, "ನಮ್ಮನೆಯೋರು ಎಣ್ಣೆ ಇಲ್ದೆ ಒಳಕ್ ಬರಲ್ಲ" ಅಂತ ರಂಪ ಮಾಡಿದಳು. ಕೊನೆಗೆ ಅವಳೂ ಬಾದಾಮಿ ಹಾಲಿಟ್ಟಳು!

ನಮ್ಮ ಎಡೆಯ ಮುಂದೆ ಗಂಗುಲಪ್ಪ ಕೂತು ನಿನ್ನ ಮಾವನ ಜೊತೆಯೇ ಜಗಳ ತೆಗೆದರು. "ಏನೋ ಮುನಿಗಂಗಾ, ಇದ್ದಾಗ ಕುಡ್ದಿದ್ದು ಸಾಲ್ದಾ? ಈ ಸಲ ರಾಗಿ ಅಂಬಲಿ ಕುಡಿ. ಕೋಪ ಬಂದ್ರೆ ನಮ್ಮನೇಗ್ ಬಾ, ಮಗನ್ ತಂಟೆಗ್ ಹೋಗ್ಬೇಡ." ಎಡೆಯನ್ನು ಮನೆ ಮೇಲಿಟ್ಟು, ಹಟ್ಟಿಗೆ ಹಟ್ಟಿಯೇ ಕಾಗೆಗಾಗಿ ಕತ್ತೆತ್ತಿ ನಿಂತಿತು. ಬಂದ ಕಾಗೆ ಬಾಡಿನ ತುಂಡು ಬಿಟ್ಟು ನೇರ ಅಂಬಲಿಗೇ ಕೊಕ್ಕಿಟ್ಟಿತು ಕಣೇ! ಶಿಳ್ಳೆಯೋ ಶಿಳ್ಳೆ. ಗಂಗರಾಜು ಗಟಗಟನೆ ಕುಡಿದು, ಮೀಸೆಯೆಲ್ಲ ಅಂಬಲಿ ಮಾಡಿಕೊಂಡು ಅತ್ತುಬಿಟ್ಟ. ನನಗೆ ನಕ್ಕೂ ನಕ್ಕೂ ಹೊಟ್ಟೆನೋವು ಬಂತು. ಎಷ್ಟು ವರ್ಷವಾಗಿತ್ತೋ ಹಾಗೆ ನಕ್ಕು.

ಬಾ ಅಂತ ನಿನ್ನನ್ನು ಬಲವಂತ ಮಾಡುವುದಿಲ್ಲ. ಒಂದು ಸಲ ಅವನನ್ನು ನೋಡು, ಆಮೇಲೆ ನಿನ್ನ ಮನಸ್ಸು ಹೇಳಿದಂತೆ ಮಾಡು. ಜಗನ್‌ಗೆ ಮುತ್ತು. ತಾಯಿ ಮಕ್ಕಳು ತಣ್ಣಗಿರಿ.

ನಿನ್ನ ಅತ್ತೆ
ಆಂಜಿನಮ್ಮ

ತಾ.ಕ.: ನೀನು ಕಾಲಿಟ್ಟ ಮೇಲೆಯೇ ಗಂಗರಾಜು ಕುಡುಕನಾದ ಅಂತ ಎಲ್ಲರೂ ಆಡಿದಾಗ ನಾನು ತುಟಿ ಬಿಚ್ಚಲಿಲ್ಲ. ನಿಜವೆಂದರೆ ಅದು ನೀನು ಬರುವುದಕ್ಕೂ ಎಷ್ಟೋ ಹಿಂದಿನ ಮಾತು, ಅವನಿಗಾಗ ಹನ್ನೊಂದು ವರ್ಷ. ತಾತನ ಎಡೆಯ ಮುಂದೆ ಬೇಡ ಬೇಡ ಅಂತ ಮುಖ ತಿರುಗಿಸಿದ. ಪ್ರಸಾದ ಕಣೋ, ಬೇಡ ಅನ್ನಬಾರದು ಅಂತ ಮೂಗು ಹಿಡಿದು ಮೊದಲ ಗುಟುಕು ಕುಡಿಸಿದವಳು ನಾನು. ಮೊನ್ನೆ ಹಟ್ಟಿಯವರೆದುರು ಅದನ್ನೂ ಹೇಳಿಬಿಟ್ಟೆ. ತಪ್ಪಾಯಿತು ಕಣಮ್ಮ.