ಎರಡನೇ ಪ್ಯಾರಾ ಬರೆದವನು ನಾನು

ಯೋಧರ ಸ್ಮಾರಕ ಸಮಿತಿಯ ಅಧ್ಯಕ್ಷರ ಕುರ್ಚಿಯಲ್ಲಿರುವ ಮಾನ್ಯರೇ,

ಬರುವ ಸೋಮವಾರ ತಾವು ಪರದೆ ಸರಿಸಲಿರುವ ಕಲ್ಲಿನ ಮೇಲೆ ಇಪ್ಪತ್ತಮೂರು ಹೆಸರುಗಳಿವೆ. ನನ್ನ ಮಗನದಿಲ್ಲ. ಎದೆಗೂ ಬಲಗೈಗೂ ಗುಂಡಿನ ಚೂರು ಹೊಕ್ಕು, ನಲವತ್ತು ದಿನ ಸೈನಿಕ ಆಸ್ಪತ್ರೆಯಲ್ಲಿ ನರಳಿ, ಕೊನೆಗೆ ನಮ್ಮ ಮನೆಯ ನಡುಕೋಣೆಯಲ್ಲಿ ಉಸಿರು ಬಿಟ್ಟವನು ತಮ್ಮ ಸಮಿತಿಯ ಪ್ರಕಾರ ಯುದ್ಧದಲ್ಲಿ ಮಡಿದವನಲ್ಲ. ಹಾಗಾದರೆ ಅವನು ಯಾತರಿಂದ ಸತ್ತ, ಮಾನ್ಯರೇ? ನೆಗಡಿಯಿಂದಲೇ?

ತಾವು ನನ್ನನ್ನು ದಿನಾ ನೋಡುತ್ತೀರಿ, ಗುರುತಿಸುವುದಿಲ್ಲ ಅಷ್ಟೇ. ತಮ್ಮ ಕಚೇರಿಯ ಗೇಟಿನ ಪಕ್ಕ, ಸೈಕಲ್ ನಿಲ್ಲಿಸುವ ಜಾಗದಲ್ಲಿ ಮಡಚುವ ಮೇಜು ಹಾಕಿಕೊಂಡು ಮೂವತ್ತೊಂದು ವರ್ಷದಿಂದ ಊರವರ ಅರ್ಜಿಗಳನ್ನು ಟೈಪ್ ಮಾಡುತ್ತಿರುವವನು ನಾನು. ತಮ್ಮ ಮೇಜಿಗೆ ಬರುವ ಕಾಗದಗಳಲ್ಲಿ ಅರ್ಧಕ್ಕರ್ಧ ನನ್ನ ಕೈಯವೇ. ಯಾವ ಮಾತು ಹಾಕಿದರೆ ಕಡತ ಎದ್ದು ನಡೆಯುತ್ತದೆ, ಯಾವುದು ಹಾಕಿದರೆ ಮಗ್ಗುಲು ಬದಲಿಸಿ ಮಲಗುತ್ತದೆ ಎಂಬುದು ನನಗೆ ನೀರು ಕುಡಿದಷ್ಟು ಸಲೀಸು. ಜನ ನನ್ನನ್ನು ಅರ್ಜಿ ಮೇಷ್ಟ್ರು ಎನ್ನುತ್ತಾರೆ. ಆ ಹೆಸರಿನ ಬಗ್ಗೆ ನನಗೆ ತುಸು ಜಂಬವೇ ಇತ್ತು.

ಕಳೆದ ತಿಂಗಳು ನನ್ನ ಹೆಂಡತಿ ಕಲ್ಲು ನೋಡಬೇಕೆಂದು ಹಟ ಹಿಡಿದಳು. ಇಬ್ಬರೂ ಕಲ್ಲು ಕೆತ್ತುವವನ ಶೆಡ್ಡಿಗೆ ಹೋದೆವು. ಅವಳು ಸೆರಗಿನ ತುದಿಯಿಂದ ಪುಡಿ ಒರೆಸಿ, ಮೇಲಿನಿಂದ ಕೆಳಗೆ ಎರಡು ಸಲ ಓದಿದಳು. ಕೆತ್ತುವವನು ಉಳಿ ಕೆಳಗಿಟ್ಟು ಎದ್ದು ನಿಂತ. “ನಾನೇನ್ ಮಾಡ್ಲಮ್ಮಾ, ಪಟ್ಟಿ ಆಫೀಸಿಂದ ಬಂದಿದ್ದು. ಅದರಲ್ಲಿ ಇದ್ದಿದ್ದನ್ನ ಕೆತ್ತಿದೀನಿ. ಕೆಳಗೆ ಇನ್ನೂ ಒಂದು ಸಾಲಿಗೆ ಜಾಗ ಇದೆ ನೋಡಿ” ಎಂದ. ಅಲ್ಲಿಂದ ನೇರ ತಮ್ಮ ಕಚೇರಿಗೆ ಬಂದೆವು. ಅವಳನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ನಾನೊಬ್ಬನೇ ಒಳಗೆ ಹೋದೆ.

ತಮ್ಮ ಗುಮಾಸ್ತರು ಒಳ್ಳೆಯವರು, ನನ್ನ ಹಳೆಯ ಪರಿಚಯ. ಸೈನ್ಯದಿಂದ ತರಿಸಿಕೊಂಡ ಕಡತ ಬಿಚ್ಚಿ, ಒಂದು ಹಾಳೆಯ ಮೇಲೆ ಬೆರಳಿಟ್ಟು, ದನಿ ತಗ್ಗಿಸಿದರು. “ಸೇವೆಯಲ್ಲಿದ್ದಾಗ ಸತ್ತವರ ಹೆಸರು ಮಾತ್ರ ಅಂತ ನಿಯಮ, ಮೇಷ್ಟ್ರೇ. ನಿಮ್ಮ ಮಗ ತೀರ್ಕೊಳ್ಳೋಕೆ ಹನ್ನೊಂದು ದಿನ ಮುಂಚೆನೇ ಸೇವೆ ಬಿಟ್ಟಿದಾನೆ. ಅರ್ಜಿ ಇಲ್ಲೇ ಇದೆ. ನಿಮ್ಮ ಮೆಷಿನ್ನಿಂದು ಅಲ್ವಾ ಇದು?”

ನನ್ನದೇ. ಹೇಳಿಬಿಡುತ್ತೇನೆ, ಇನ್ನು ಮುಚ್ಚಿಟ್ಟು ಆಗಬೇಕಾದ್ದೇನೂ ಇಲ್ಲ.

ಆಸ್ಪತ್ರೆಯಲ್ಲಿ ಮಗ ಹೇಳಿದ್ದು ಇಷ್ಟೇ: “ಅಪ್ಪ, ಇಲ್ಲಿ ಬೇಡ. ಮನೆಗೆ ಕರ್ಕೊಂಡು ಹೋಗು. ಅಮ್ಮನ ಹತ್ರ ಇರ್ತೀನಿ.” ರಜೆಯ ಮಂಜೂರಾತಿಗೆ ಮೂರು ವಾರ ಬೇಕು ಎಂದರು. ವೈದ್ಯರ ಮುಖ ನೋಡಿದರೆ ಮಗನ ಬಳಿ ಮೂರು ವಾರ ಇರಲಿಲ್ಲ. ಆಗ ನನ್ನ ಕಸುಬಿನ ಬುದ್ಧಿ ಓಡಿತು. ರಜೆಯ ಅರ್ಜಿ ಏಳು ಮೇಜು ಹತ್ತಿ ಇಳಿಯಬೇಕು, ಸೇವೆ ಬಿಡುತ್ತೇನೆ ಎಂಬ ಅರ್ಜಿಗೆ ಒಂದೇ ಸಹಿ ಸಾಕು. ಊರಿಗೆ ಬಂದು ಟೈಪ್ ಮಾಡಿದೆ. ಮೊದಲ ಪ್ಯಾರಾದಲ್ಲಿ ಮನೆಗೆ ಕಳಿಸಿಕೊಡಿ ಎಂಬ ವಿನಂತಿ. ಎರಡನೆಯದರಲ್ಲಿ ಸ್ವಇಚ್ಛೆಯಿಂದ ಸೇವೆ ತ್ಯಜಿಸುತ್ತಿದ್ದೇನೆ, ಮುಂದೆ ಯಾವ ಹಕ್ಕನ್ನೂ ಸಾಧಿಸುವುದಿಲ್ಲ ಎಂಬ ಒಕ್ಕಣೆ. ಹಕ್ಕಿನ ಮಾತನ್ನು ಯಾರೂ ಕೇಳಿರಲಿಲ್ಲ. ಅಭ್ಯಾಸಬಲದಿಂದ ಬೆರಳು ತಾನಾಗಿ ಹೊಡೆಯಿತು. ಮರುದಿನ ಅವನ ಎಡಗೈಗೆ ಪೆನ್ನು ಕೊಟ್ಟು ಓದಿ ಹೇಳಲಾ ಎಂದೆ. “ನೀನು ಬರೆದಿದ್ದಲ್ವಾ ಅಪ್ಪ, ಇನ್ನೇನು ಓದೋದು” ಎಂದು ಸಹಿ ಎಳೆದ. ಸಂಜೆಯೊಳಗೆ ಆದೇಶ ಬಂತು. ಆಂಬುಲೆನ್ಸಿನಲ್ಲಿ ಅವನ ಪಕ್ಕ ಕೂತು, ನಾನೆಂಥ ಚಾಲಾಕಿ ಎಂದು ಒಳಗೊಳಗೇ ಹಿಗ್ಗಿದೆ.

ಆದೇಶಕ್ಕೆ ಸಹಿ ಬಿದ್ದ ಗಳಿಗೆಗೆ ಅವನ ಎದೆಯೊಳಗಿನ ಚೂರೂ ಕೆಲಸ ಬಿಟ್ಟು ಹೊರಗೆ ಬಂತೇ, ಮಾನ್ಯರೇ? ಆ ಹನ್ನೊಂದು ದಿನ ಅವನು ಕೆಮ್ಮಿದಾಗ ಬಂದದ್ದು ಸೈನಿಕನ ರಕ್ತವೋ, ನಾಗರಿಕನ ರಕ್ತವೋ? ತಮ್ಮ ನಿಯಮಾವಳಿಯಲ್ಲಿ ಅದಕ್ಕೊಂದು ಕಲಂ ಇದ್ದರೆ ತೋರಿಸಿ, ಕೈಮುಗಿದು ಓದಿಕೊಳ್ಳುತ್ತೇನೆ. ಮೂರು ಅರ್ಜಿ ಕೊಟ್ಟೆ. ಮೂರಕ್ಕೂ ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರ ಬಂತು. ಆ ಉತ್ತರದ ಅರ್ಥವನ್ನು ಊರಿಗೆಲ್ಲ ಬಿಡಿಸಿ ಹೇಳುತ್ತ ಬಂದವನಿಗೇ ಅದನ್ನು ಕಳಿಸಿದ್ದೀರಿ. ಅದಕ್ಕೇ ಈ ನಾಲ್ಕನೆಯದನ್ನು ಪತ್ರಿಕೆಗೆ ಕೊಟ್ಟಿದ್ದೇನೆ.

ಅಂದು ಬೆಂಚಿನ ಬಳಿ ಹೆಂಡತಿ ಏನಂತೆ ಎಂದು ಕೇಳಿದಾಗ, ಏನೋ ನಿಯಮವಂತೆ ಎಂದು ಹಾರಿಸಿಬಿಟ್ಟೆ. ಆಮೇಲೆ ಪಕ್ಕದ ಮನೆಯಾಕೆ ಕೇಳಿದಳಂತೆ: “ಎಲ್ಲರ ಹೆಸರೂ ಇದೆ, ನಿಮ್ಮ ಹುಡುಗಂದು ಮಾತ್ರ ಯಾಕಿಲ್ಲ? ಅಲ್ಲೇನಾದ್ರೂ ಮಾಡ್ಕೊಂಡಿದ್ನಾ?” ಮೊನ್ನೆ ನನ್ನ ಹೆಂಡತಿ ಬಟ್ಟೆ ಮಡಚುತ್ತಿದ್ದವಳು ಕೈ ನಿಲ್ಲಿಸಿ ಕೇಳಿದಳು: “ಅವನು ಯುದ್ಧ ಬಿಟ್ಟು ಓಡಿ ಬರೋವಾಗ ಗುಂಡು ಬಿದ್ದಿದ್ದಾ? ನಂಗೆ ಹೇಳದೆ ಮುಚ್ಚಿಟ್ಟಿದೀರಾ?” ಹೆತ್ತವಳ ಬಾಯಲ್ಲಿ ಆ ಮಾತು. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗಿಬಿಟ್ಟೆ. ಅವಳು ಅದನ್ನೇ ಉತ್ತರ ಅಂದುಕೊಂಡಿದ್ದಾಳೆ.

ಆದ್ದರಿಂದ ಬೇಡುತ್ತಿದ್ದೇನೆ. ಶನಿವಾರದೊಳಗೆ ಕಲ್ಲು ಕೆತ್ತುವವನಿಗೆ ಒಂದು ಚೀಟಿ ಕಳಿಸಿ. ಒಂದು ಸಾಲಿಗೆ ಅರ್ಧ ದಿನ ಸಾಕು ಎಂದಿದ್ದಾನೆ. ನಿಯಮ ಮುರಿದಂತಾಗುತ್ತದೆ ಎಂದಾದರೆ ಶಿಕ್ಷೆ ನನಗೆ ಬರೆಯಿರಿ, ಗೇಟಿನ ಬಳಿಯಿಂದ ನನ್ನ ಮೇಜು ಎತ್ತಿಸಿ. ಅದೂ ಆಗದಿದ್ದರೆ ಸೋಮವಾರ ಮೈಕಿನ ಮುಂದೆ ನಿಂತಾಗ, ಆ ಹುಡುಗ ಓಡಿ ಬಂದವನಲ್ಲ, ಅವನ ಹೆಸರು ಕಳೆದವನು ಅವನಪ್ಪ ಎಂದು ಊರಿಗೆ ಕೇಳುವಂತೆ ಹೇಳಿ. ನಾನು ಮುಂದೆಯೇ ನಿಂತಿರುತ್ತೇನೆ, ಬೆರಳು ಮಾಡಿ ತೋರಿಸಿ.

ನಮ್ಮ ಮನೆಯಲ್ಲಿ ಪತ್ರಿಕೆಯನ್ನು ಮೊದಲು ಬಿಡಿಸುವುದು ನನ್ನ ಹೆಂಡತಿ. ಎರಡನೇ ಪ್ಯಾರಾದ ಸಂಗತಿ ಅವಳಿಗೆ ತಿಳಿಯುವುದು ಇಲ್ಲಿಯೇ, ಈಗಲೇ. ಎದುರು ಕೂತು ಹೇಳಲು ನನಗೆ ಬಾಯಿ ಬರಲಿಲ್ಲ. ಇನ್ನು ಅವಳು ನನ್ನೊಡನೆ ಮಾತಾಡುತ್ತಾಳೋ ಇಲ್ಲವೋ ಗೊತ್ತಿಲ್ಲ. ಮಗನ ಮೇಲಿನ ಅನುಮಾನವಾದರೂ ಹೋಗಲಿ.

ಇಂತಿ,
ಒಂದಕ್ಷರವೂ ತಪ್ಪಿಲ್ಲದೆ ಟೈಪ್ ಮಾಡಿದ
ಅವನ ಅಪ್ಪ