ಬಲಗಡೆಯ ಕಂಬ

ಮನೆಯಿಂದ,
ತಾರೀಕು ಹದಿನಾಲ್ಕು, ಸೋಮವಾರ ಬೆಳಿಗ್ಗೆ

ಪುಟ್ಟಿಯ ಪ್ರೀತಿಯ ಅಪ್ಪನಿಗೆ,

ನಾವಿಬ್ಬರೂ ಆರೋಗ್ಯವಾಗಿದ್ದೇವೆ. ವೆಲ್ಡಿಂಗ್ ಕಿಡಿ ಸಿಡಿದಿದ್ದ ನಿಮ್ಮ ಎಡಗಣ್ಣು ಹೇಗಿದೆ? ಸೇತುವೆ ಕೆಲಸ ಮುಗಿಯುವ ತನಕ ಡಾಕ್ಟರ ಹತ್ತಿರ ಹೋಗುವುದಿಲ್ಲವೆಂದು ಹಟ ಹಿಡಿಯಬೇಡಿ. ಪುಟ್ಟಿಗೆ ಮುಂದಿನ ಹಲ್ಲೆರಡೂ ಬಿದ್ದಿವೆ. ಅವಳ ಮಾತಿನಲ್ಲಿ ಈಗ ಸ್ಪಷ್ಟವಾಗಿ ಕೇಳಿಸುವುದು "ಅಪ್ಪ" ಒಂದೇ.

ಇನ್ನು ಸುದ್ದಿ. ಪೂರ್ತಿ ಓದುವ ಮೊದಲೇ ಸಿಟ್ಟಾಗಬೇಡಿ. ನೀವು ಚಿಕ್ಕಮ್ಮ ಎನ್ನುತ್ತಿದ್ದ ಅತ್ತೆ ಕೊಟ್ಟ ಜಾಗದ ಪಾರ್ಕು ನಿನ್ನೆ ತೆರೆಯಿತು, ನಾನು ಹೋಗಿದ್ದೆ. ಸಾಯುವ ಮೊದಲು ಅವರು ತಮ್ಮ ಗುಂಡಿ-ದಾರದ ಅಂಗಡಿಯ ಹಿಂದಿನ ಅಷ್ಟೂ ಜಾಗವನ್ನು ಊರಿಗೆ ಬರೆದುಕೊಟ್ಟಾಗ ನೀವು, "ಮಲತಾಯಿ ಬುದ್ಧಿ ಕೊನೆಗೂ ತೋರಿಸಿದಳು" ಎಂದದ್ದು, ಅವರ ಮಣ್ಣಿಗೂ ಬಾರದೆ ಉಳಿದದ್ದು, ಯಾವುದನ್ನೂ ನಾನು ಮರೆತಿಲ್ಲ. ಆದರೆ ಪಾರ್ಕು ಸಮಿತಿಯ ಕಾರ್ಯದರ್ಶಿಗಳು, ಅದೇ ನಮ್ಮ ಹಳೆಯ ಪೋಸ್ಟ್‌ಮಾಸ್ಟರು, ಮೂರು ಸಲ ಬಾಗಿಲಿಗೆ ಬಂದು, "ಕಂಬದ ಮೇಲಿನ ಬಟ್ಟೆ ಮನೆಯವರೇ ಸರಿಸ್ಬೇಕಮ್ಮಾ, ನೀವಲ್ದೆ ಇನ್ಯಾರಿದ್ದಾರೆ?" ಎಂದರು. ಇಲ್ಲವೆನ್ನಲು ನಾಲಿಗೆ ಹೊರಳಲಿಲ್ಲ.

ಹೆಬ್ಬಾಗಿಲಿಗೆ ಎರಡು ಕಲ್ಲುಕಂಬ ನಿಲ್ಲಿಸಿದ್ದಾರೆ. ಗೇಟು ಇನ್ನೂ ಬಂದಿಲ್ಲ, ಸುತ್ತ ಬೇಲಿಯೂ ಇಲ್ಲ. ಆದರೂ ಜನ ಆ ಕಂಬಗಳ ನಡುವೆಯೇ ಸಾಲಾಗಿ ನುಸುಳುತ್ತಿದ್ದರು, ನಗು ಬಂತು. ಎಡಗಡೆಯ ಕಂಬದ ಬಟ್ಟೆ ಎಳೆದೆ. ಅತ್ತೆಯ ಹೆಸರು, ಕೆಳಗೆ "ಈ ನೆಲ ಕೊಟ್ಟವರು". ಚಪ್ಪಾಳೆಯೋ ಚಪ್ಪಾಳೆ. ಗುರುತಿಲ್ಲದ ಹೆಂಗಸೊಬ್ಬರು ನನ್ನ ಕೈ ಹಿಡಿದು, "ಪುಣ್ಯವಂತೆ ಕಣಮ್ಮಾ ನೀನು, ಅಂಥಾ ಅತ್ತೆ ಸಿಕ್ಕಿದ್ರು" ಎಂದು ಕಣ್ಣೊರೆಸಿಕೊಂಡರು. ಬಾಯಲ್ಲಿ ಬಿಸಿ ತುಪ್ಪ ಇಟ್ಟುಕೊಂಡಂತಾಯಿತು. ಹೆಮ್ಮೆಪಟ್ಟರೆ ನಿಮಗೆ ದ್ರೋಹ, ಮುಖ ಸಿಂಡರಿಸಿದರೆ ಸತ್ತವರಿಗೆ. ಬಲಗಡೆಯ ಕಂಬದ ಬಟ್ಟೆಗೆ ಕೈ ಹಾಕಿದರೆ ಕಾರ್ಯದರ್ಶಿಗಳು ತಡೆದರು: "ಅದಿನ್ನೂ ಮುಗಿದಿಲ್ಲ."

ಜನ ಚದುರಿದ ಮೇಲೆ ಕಲ್ಲು ಕೆತ್ತುವವನು ನನ್ನನ್ನು ಪಕ್ಕಕ್ಕೆ ಕರೆದು ಒಂದು ಚೀಟಿ ತೋರಿಸಿದ. ಆ ಕಂಬಕ್ಕೆಂದು ಅತ್ತೆಯೇ ಅಂಗಡಿ ರಸೀದಿಯ ಬೆನ್ನಿಗೆ ಬರೆದಿಟ್ಟಿದ್ದದ್ದು: "ನನ್ನ ಮಗ ಆಡಿ ಬೆಳೆದ ಜಾಗ. ಇಲ್ಲಿ ಯಾರೂ ಮನೆ ಕಟ್ಟದಿರಲಿ." ಕೆಳಗೆ ನಿಮ್ಮ ಪೂರ್ತಿ ಹೆಸರು. ಅಲ್ಲಾ, ಇಷ್ಟು ಪ್ರೀತಿಯಿದ್ದರೆ ಜಾಗವನ್ನೇ ನಿಮಗೆ ಕೊಡಬಹುದಿತ್ತಲ್ಲ? ಪ್ರೀತಿಯಿಲ್ಲದಿದ್ದರೆ ಹೆಸರೇಕೆ? ಕೊಟ್ಟಿದ್ದರೆ ನಾವು ಮಾರುತ್ತಿದ್ದೆವೆಂದು ಹೆದರಿದರೇ? ಮಾರುತ್ತಿದ್ದೆವೇನೋ, ಸುಳ್ಳೇಕೆ ಹೇಳಲಿ. ನಿನ್ನೆಯಿಂದ ಇದೇ ಯೋಚನೆಯಲ್ಲಿ ತೊಳೆದ ತಟ್ಟೆಯನ್ನೇ ಮತ್ತೆ ತೊಳೆಯುತ್ತಿದ್ದೇನೆ. ಅವರು ನಿಮ್ಮನ್ನು ಅಲ್ಲಿ ಆಡಿಸುತ್ತಿದ್ದರೇ? ಮದುವೆಯಾದ ಈ ಏಳು ವರ್ಷದಲ್ಲಿ ನೀವು ಒಂದು ಮಾತೂ ಹೇಳಲಿಲ್ಲವಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ಪುಟ್ಟಿಯ ಮುತ್ತುಗಳು, ನನ್ನ ನಮಸ್ಕಾರ.

ನಿಮ್ಮವಳು

ಅವಸರದಲ್ಲಿ ಇನ್ನೊಂದು: ಲಕೋಟೆ ಅಂಟಿಸುವಷ್ಟರಲ್ಲಿ ಕಲ್ಲು ಕೆತ್ತುವವನು ಬಂದ. "ದಾಖಲೆ ಅಂದ್ರೆ ದಾಖಲೆ, 'ಮಲಮಗ' ಅಂತಲೇ ಹಾಕ್ಬೇಕು" ಎಂದು ಕಾರ್ಯದರ್ಶಿಗಳು ಪಟ್ಟು ಹಿಡಿದಿದ್ದಾರಂತೆ. "ಏನು ಕೆತ್ತಲಿ ಅಕ್ಕಾ? ಇವತ್ತೇ ಮುಗಿಸ್ಬೇಕು" ಎಂದು ಬಾಗಿಲಲ್ಲಿ ನಿಂತುಬಿಟ್ಟ. ನಿಮ್ಮನ್ನು ಕೇಳಬೇಕಿತ್ತು. ಕೇಳದೆಯೇ, ಚೀಟಿಯಲ್ಲಿರುವಂತೆ 'ಮಗ' ಎಂದೇ ಕೆತ್ತಪ್ಪಾ ಎಂದುಬಿಟ್ಟೆ. ಸರಿಯೋ ತಪ್ಪೋ ನನಗೇ ತಿಳಿಯದು. ಬೈಯುವುದಿದ್ದರೆ ಬನ್ನಿ, ಆ ಕಂಬದ ಮುಂದೆ ನಿಂತು ಬೈಯಿರಿ.