ಅಮ್ಮ ನಕ್ಕ ಫೋಟೋ

ಲೋ ತಮ್ಮಾ,

ನಾನು ಬೇಕರಿಗೆ ಹೊರಟೆ. ಕ್ಯಾಮೆರಾ ಮೇಜಿನ ಮೇಲಿದೆ, ಚಾರ್ಜಿಗೆ ಹಾಕು. ಅದನ್ನು ಡಬ್ಬಾ ಅಂತ ಇನ್ನೊಮ್ಮೆ ಅಂದರೆ ನೋಡು ಮತ್ತೆ!

ಗುಂಡಿ ಒತ್ತಿದರೂ ಒಂದು ಕ್ಷಣ ತಡೆದೇ ಫೋಟೋ ತೆಗೆಯುತ್ತದಲ್ಲ, ನಿನ್ನೆ ಆ ಸೋಮಾರಿತನವೇ ವರವಾಯಿತು. ಅಮ್ಮ ಎಂದಿನಂತೆ ಮುರಿದ ಹಲ್ಲು ಕಾಣದ ಹಾಗೆ ತುಟಿ ಬಿಗಿದು ಕೂತಿದ್ದಳು. ನಾನು ಗುಂಡಿ ಒತ್ತಿದೆ. "ಆಯ್ತಲ್ಲ, ಸಾಕು ಬಿಡೇ" ಅಂತ ಬಾಯ್ತುಂಬ ನಕ್ಕಳು. ಕ್ಯಾಮೆರಾ ಫೋಟೋ ಹೊಡೆದದ್ದು ಆಗ! ಇಷ್ಟು ವರ್ಷದಲ್ಲಿ ಅಮ್ಮ ನಕ್ಕ ಮೊದಲ ಫೋಟೋ ಕಣೋ.

ಸ್ವಲ್ಪ ಮಸುಕಾಗಿದೆ. ದೊಡ್ಡದು ಮಾಡಬೇಡ, ಬರೀ ಚೌಕಚೌಕ ಕಾಣುತ್ತದೆ. ಜಾಗ ಸಾಲದಿದ್ದರೆ ನನ್ನ ಫೋಟೋಗಳನ್ನೆಲ್ಲ ಅಳಿಸು, ಇದನ್ನು ಮುಟ್ಟಬೇಡ.

ಅಮ್ಮನಿಗೆ ಮಾತ್ರ ತೋರಿಸಬೇಡ. ಈ ಕ್ಯಾಮೆರಾ ತಡ ಮಾಡುತ್ತದೆ ಅನ್ನುವುದು ಅವಳಿಗಿನ್ನೂ ಗೊತ್ತಿಲ್ಲ.

ಅಕ್ಕ